ಸ್ಟೀರಿಂಗ್ ಅಕ್ಕನ ನಟ್ಟು

ಬಸ್ ಡಿಪೋದ ವಿಶ್ರಾಂತಿ ಕೋಣೆಯಲ್ಲಿ ಇದ್ದದ್ದು ಒಂದೇ ಕಂಪ್ಯೂಟರ್. ರಜೆ ಬೇಕಾದರೂ ಡ್ರೈವರುಗಳು ಅದರ ಮುಂದೆ ಕೂರಬೇಕು, ಪಾಳಿ ಆರಿಸಬೇಕಾದರೂ ಅದರ ಮುಂದೆಯೇ ಕೂರಬೇಕು. ಆದರೆ ಅದಕ್ಕೊಂದು ಕೆಟ್ಟ ಚಾಳಿ ಇದೆಯೆಂದು ಎಲ್ಲರ ದೂರು. ಸ್ವಲ್ಪ ಹೊತ್ತು ಯಾರೂ ಮುಟ್ಟದಿದ್ದರೆ ತಾನಾಗಿಯೇ ಲಾಗ್ ಔಟ್ ಆಗಿಬಿಡುತ್ತಿತ್ತು. ಮತ್ತೆ ಹೆಸರು ಹೊಡಿ, ಮತ್ತೆ ಪಾಸ್‌ವರ್ಡ್ ಹೊಡಿ. ಇಕ್ಕಟ್ಟಿನ ಓಣಿಯಲ್ಲಿ ದೊಡ್ಡ ಬಸ್ಸನ್ನು ಲೀಲಾಜಾಲವಾಗಿ ತಿರುಗಿಸುವವರು ಆ ಪುಟ್ಟ ಗುಂಡಿಗಳ ಮುಂದೆ ಬೆವರುತ್ತಿದ್ದರು.

ಈ ಕಾಟಕ್ಕೆ ಮದ್ದು ಕಂಡುಹಿಡಿದವಳು ಸ್ಟೀರಿಂಗ್ ಅಕ್ಕ. ಡಿಪೋದ ಮೊದಲ ಹೆಣ್ಣು ಡ್ರೈವರ್ ಎಂದು ಅಂಟಿಕೊಂಡ ಹೆಸರು ಅದು. ಅವಳು ವರ್ಕ್‌ಶಾಪಿನಿಂದ ಚಕ್ರದ ಹಳೆಯ ನಟ್ಟೊಂದನ್ನು ತಂದು ಕೀಬೋರ್ಡಿನ ಮೂಲೆಯ ಗುಂಡಿಯ ಮೇಲೆ ಇಟ್ಟಳು. ಯಾರೋ ಗುಂಡಿ ಒತ್ತುತ್ತಲೇ ಇದ್ದಾರೆಂದು ಕಂಪ್ಯೂಟರ್ ನಂಬಿತು. ಇನ್ನು ಅದು ಮುಚ್ಚಿಕೊಳ್ಳುವ ಮಾತೇ ಇಲ್ಲ. ಡ್ರೈವರುಗಳು ಅವಳನ್ನು ಹೊಗಳಿ ಅಟ್ಟಕ್ಕೇರಿಸಿದರು. ಅಕ್ಕನಿಗೂ ಒಳಗೊಳಗೇ ಹೆಮ್ಮೆ.

ಪಾಳಿ ಆರಿಸುವುದು ವರ್ಷಕ್ಕೊಮ್ಮೆ. ಆ ವರ್ಷ ಅಕ್ಕನಿಗೆ ಬೆಳಗಿನ ಪಾಳಿ ಬೇಕೇ ಬೇಕಿತ್ತು. ಅವಳ ಮಗಳಿಗೆ ಉಬ್ಬಸ. ಅದು ಹೆಚ್ಚಾಗಿ ರಾತ್ರಿಯೇ ಏಳುತ್ತಿತ್ತು. ಗಂಡ ಬ್ರೆಡ್ ಕಾರ್ಖಾನೆಯ ಒಲೆಯ ಮುಂದೆ ರಾತ್ರಿ ದುಡಿಯುವವನು. ಅವನು ಬೆಳಗಿನ ಜಾವ ಬ್ರೆಡ್ ಇಳಿಸಿ ಮನೆ ಸೇರಿದರೆ ಅವಳು ಬಸ್ಸಿಗೆ ಹೊರಡಬಹುದು, ಮಗು ಒಂಟಿಯಾಗುವುದಿಲ್ಲ. ಇಷ್ಟು ದಿನ ಬ್ಯಾಂಕಿನಲ್ಲಿ ಕೆಲಸ ಮಾಡುವ ನಾದಿನಿ ಮನೆಯಲ್ಲಿದ್ದಳು, ಹೇಗೋ ನಡೆದಿತ್ತು. ಮುಂದಿನ ತಿಂಗಳು ನಾದಿನಿಗೆ ಬೇರೆ ಊರಿಗೆ ವರ್ಗವಾಗಿತ್ತು.

ಅಕ್ಕ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾದು, ಸರದಿ ಬಂದ ದಿನ ಬೆಳಗಿನ ಪಾಳಿಯನ್ನು ಆರಿಸಿದಳು. ಅಷ್ಟರಲ್ಲಿ ಅವಳ ಬಸ್ಸು ದಾರಿಗೆ ಅಡ್ಡ ನಿಂತಿದೆಯೆಂದು ಹೊರಗಿನಿಂದ ಒಂದೇ ಸಮ ಹಾರ್ನ್. ಎಂದಿನಂತೆ ನಟ್ಟನ್ನು ಗುಂಡಿಯ ಮೇಲಿಟ್ಟು ಓಡಿದಳು.

ಎರಡು ದಿನ ಬಿಟ್ಟು ಪಟ್ಟಿ ಬಂತು. ಸ್ಟೀರಿಂಗ್ ಅಕ್ಕನಿಗೆ ರಾತ್ರಿ ಬಸ್ಸು, ಇಡೀ ವರ್ಷಕ್ಕೆ.

ಅವಳು ಪಾಳಿಗಳ ಉಸ್ತುವಾರಿ ನೋಡುವ ಕಂಟ್ರೋಲರ್ ಸಾಹೇಬರ ಬಳಿ ಓಡಿದಳು. ಅವರು ಪಟ್ಟಿಯಿಂದ ತಲೆ ಎತ್ತಲೇ ಇಲ್ಲ. ಮೊದಲು ಬೆಳಗಿನ ಪಾಳಿ ಆರಿಸಿ, ಆಮೇಲೆ ರಾತ್ರಿ ಪಾಳಿಗೆ ಬದಲಿಸಿದ್ದು ಅವಳ ಹೆಸರಲ್ಲೇ ಇದೆ, ಕಂಪ್ಯೂಟರ್ ಸುಳ್ಳು ಹೇಳುವುದಿಲ್ಲ ಎಂದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಗಾದೆಯನ್ನೂ ಸೇರಿಸಿದರು. ಅಕ್ಕನ ಮೈಯೆಲ್ಲ ಉರಿದುಹೋಯಿತು. ಯಾರೋ ಬೇಕೆಂದೇ ತನ್ನ ಹೊಟ್ಟೆಯ ಮೇಲೆ ಹೊಡೆದಿದ್ದಾರೆ ಎಂದೇ ಅವಳು ನಂಬಿದಳು.

ಸಂಜೆ ಮನೆಯಲ್ಲಿ ಗಂಡ ಅವಳ ಪರ ನಿಂತು ಹಾರಾಡಿದ. ಆ ಕಂಪ್ಯೂಟರನ್ನೇ ಕಿತ್ತೆಸೆದು ಹಳೆಯ ಕಾಲದಂತೆ ಬಾಯಲ್ಲಿ ಕೇಳಿ ಪಾಳಿ ಕೊಡಲಿ ಎಂದ. ನಾದಿನಿ ಮಗುವಿನ ತಲೆ ಬಾಚುತ್ತ ಎಲ್ಲ ಕೇಳಿಸಿಕೊಂಡು, ಒಂದೇ ಪ್ರಶ್ನೆ ಕೇಳಿದಳು.

"ಅತ್ತಿಗೆ, ಎದ್ದು ಹೋಗುವಾಗ ಲಾಗ್ ಔಟ್ ಮಾಡಿದ್ರಾ?"

ಅಕ್ಕ ನಟ್ಟಿನ ಕಥೆ ಹೇಳಿದಳು. ನಾದಿನಿ ನಗು ತಡೆಯಲಾರದೆ ಬಾಚಣಿಗೆಯನ್ನೇ ಬೀಳಿಸಿದಳು.

"ತಾನಾಗೇ ಮುಚ್ಕೊಳ್ಳೋ ಬಾಗಿಲಿಗೆ ನೀವೇ ಕಲ್ಲು ಕೊಟ್ಟು ತೆರೆದಿಟ್ಟು ಬಂದಿದೀರ. ಈಗ ಯಾರು ನುಗ್ಗಿದ್ರು ಅಂತ ಹುಡುಕ್ತಿದೀರ!"

"ನಗಬೇಡ ಕಣೇ. ನಮ್ಮ ಡಿಪೋದಲ್ಲಿ ಯಾರೂ ಕಳ್ಳರಿಲ್ಲ."

"ಕಳ್ಳನೇ ಬರಬೇಕಾ ಅತ್ತಿಗೆ? ಒಳ್ಳೆಯವರು ಮೈಮರೆತು ಬಂದು ಕೂತ್ರೂ ಸಾಕು. ನಾನು ನೀರು ಕುಡಿಯೋಕೆ ಎದ್ರೂ ನಮ್ಮ ಬ್ಯಾಂಕಿನ ಕಂಪ್ಯೂಟರ್ ಮುಚ್ಕೊಳ್ಳುತ್ತೆ. ಮೊದಮೊದಲು ನಂಗೂ ಸಿಟ್ಟು ಬರ್ತಿತ್ತು, ನನ್ನ ಮೇಲೇ ಅನುಮಾನಾನಾ ಅಂತ. ಆಮೇಲೆ ಗೊತ್ತಾಯ್ತು, ಅದು ಕಾಯ್ತಿರೋದು ನನ್ನ ಹೆಸರನ್ನ. ನಿಮ್ಮ ಪುಟ ತೆರೆದಿರೋವಾಗ ಯಾರು ಏನು ಒತ್ತಿದ್ರೂ ನೀವೇ ಒತ್ತಿದ ಹಾಗೆ."

ಅಕ್ಕನ ಮುಖ ಸಣ್ಣದಾಯಿತು. ಮಾಡಿದ್ದುಣ್ಣೋ ಮಹರಾಯ ಎನ್ನುವುದು ತನಗೇ ಹೇಳಿದ ಮಾತು ಎನ್ನಿಸಿತು. ತನ್ನ ಜಾಣತನಕ್ಕೆ ಮಗಳು ರಾತ್ರಿಯೆಲ್ಲ ಒಂಟಿಯಾಗಿ ಏದುಸಿರು ಬಿಡಬೇಕೇ ಎಂದು ಅವಳ ಕಣ್ಣು ತುಂಬಿತು. ನಾದಿನಿ ಈಗ ನಗಲಿಲ್ಲ. ಅತ್ತಿಗೆಯ ಕೈ ಹಿಡಿದು, ರಾತ್ರಿ ಬಸ್ಸು ಬೇಕೆಂದು ಕೇಳಿಯೂ ಸಿಗದವರು ಡಿಪೋದಲ್ಲಿ ಯಾರಿದ್ದಾರೆ ನೋಡಿ ಎಂದಳು.

ಹುಡುಕಬೇಕಾಗಲೇ ಇಲ್ಲ. ಮರುದಿನ ವಿಶ್ರಾಂತಿ ಕೋಣೆಗೆ ಕಾಲಿಟ್ಟರೆ ಗೊರಕೆ ಅಣ್ಣ ಗೊಣಗುತ್ತ ಕೂತಿದ್ದ. ಬೆಂಚಿಗೆ ತಲೆ ತಾಗಿದರೆ ಗೊರಕೆ ಹೊಡೆಯುವ ಹಿರಿಯ ಡ್ರೈವರ್ ಅವನು, ಇರುವೆಗೂ ದಾರಿ ಬಿಡುವ ಮನುಷ್ಯ. ಜನಜಂಗುಳಿ ಇಲ್ಲದ ರಾತ್ರಿ ಬಸ್ಸೆಂದರೆ ಅವನಿಗೆ ಪ್ರಾಣ. ಅದನ್ನೇ ಆರಿಸಿದ್ದರೂ, ಪಾಳಿಯನ್ನೇ ಆರಿಸದವರ ಸಾಲಿನಲ್ಲಿ ತನ್ನ ಹೆಸರು ಬಂದಿದೆ ಎಂಬುದು ಅವನ ಗೋಳು.

"ಅಣ್ಣ, ನೀವು ಕೂತಾಗ ಕಂಪ್ಯೂಟರ್ ಪಾಸ್‌ವರ್ಡ್ ಕೇಳ್ತಾ?"

ಅವನು ಯೋಚಿಸಿದ. "ಇಲ್ಲಮ್ಮ. ತೆರೆದೇ ಇತ್ತು. ಪುಣ್ಯಕ್ಕೆ ತೆರೆದಿದೆಯಲ್ಲ ಅಂತ ನಟ್ಟು ಎತ್ತಿಟ್ಟು ಒತ್ತಿದೆ." ಹಾಗೆಂದವನಿಗೆ ವಿಷಯ ಹೊಳೆದು, ಎರಡೂ ಕೈ ತಲೆಯ ಮೇಲೆ ಹೋದವು. "ಅಯ್ಯೋ ತಂಗಿ, ಅದು ನಿನ್ನ ಪುಟ ಆಗಿತ್ತಾ?"

ಇಬ್ಬರೂ ಕಂಟ್ರೋಲರ್ ಬಳಿ ಹೋದರು. ಅವರು ಒಪ್ಪಲಿಲ್ಲ. ಪಟ್ಟಿ ಬಂದ ಮೇಲೆ ಎಲ್ಲರೂ ಹೀಗೇ ಕಥೆ ಕಟ್ಟುತ್ತಾರೆ, ಓದು ಬರುವ ಮನುಷ್ಯ ಇನ್ನೊಬ್ಬರ ಹೆಸರು ನೋಡದೆ ಒತ್ತುತ್ತಾನೆಯೇ ಎಂದರು. ಶಂಖದಿಂದ ಬಂದರೇ ತೀರ್ಥ ಎನ್ನುವವರಿಗೆ ಬಾಯಿಮಾತು ಸಾಲದು. ಅಕ್ಕ ಕೋಣೆಗೆ ಬಂದು ತೆಳ್ಳಗಿನ ಡ್ರೈವರೊಬ್ಬನ ಕಿವಿಯಲ್ಲಿ ಏನೋ ಉಸುರಿದಳು. ಅವನು ತನ್ನ ಪುಟ ತೆರೆದು, ಗುಂಡಿಯ ಮೇಲೆ ನಟ್ಟಿಟ್ಟು, ಪಕ್ಕಕ್ಕೆ ಸರಿದು ನಿಂತ. ಆಮೇಲೆ ಅಕ್ಕ ಹೋಗಿ ಸಾಹೇಬರನ್ನು ಕರೆದಳು.

"ಸಾರ್, ಕಾಲುನೋವಿಗೆ ರಜೆ ಹಾಕ್ಬೇಕು ಅಂತಿದ್ರಲ್ಲ. ಇಲ್ಲೇ ಹಾಕ್ಬಿಡಿ. ನಾವೂ ನೋಡಿ ಕಲೀತೀವಿ."

ಕಲಿಸಿಕೊಡುವ ಮಾತು ಬಂದ ಮೇಲೆ ಸಾಹೇಬರು ಬಿಟ್ಟಾರೆಯೇ? ಕುರ್ಚಿ ಎಳೆದು ಕೂತರು. ನಟ್ಟನ್ನು ಪಕ್ಕಕ್ಕಿಟ್ಟರು. ರಜೆಯ ಗುಂಡಿ ಒತ್ತಿದರು, ದಿನ ತುಂಬಿದರು, ಕಳಿಸಿದರು. ಇದರಲ್ಲೇನು ಬ್ರಹ್ಮವಿದ್ಯೆ ಇದೆ ಎಂಬಂತೆ ತಿರುಗಿ ನೋಡಿದರು.

"ಈಗ ಮೇಲ್ಗಡೆ ಯಾರ ಹೆಸರಿದೆ ಓದಿ ಸಾರ್," ಎಂದಳು ಅಕ್ಕ.

ಸಾಹೇಬರು ಕನ್ನಡಕ ಸರಿಪಡಿಸಿಕೊಂಡು ಓದಿದರು. ಮತ್ತೊಮ್ಮೆ ಓದಿದರು. ತೆಳ್ಳಗಿನ ಡ್ರೈವರ್ ವಿನಯದಿಂದ ಕೈಮುಗಿದ. "ಕಾಲುನೋವು ನಿಮ್ಮದು, ರಜೆ ನಂದು. ದೊಡ್ಡ ಮನಸ್ಸು ಸಾರ್."

ಕೋಣೆಯೇ ಹಾರಿಹೋಗುವಂತೆ ಎಲ್ಲರೂ ನಕ್ಕರು. ಒಂದು ಗಳಿಗೆ ಮುಖ ಕೆಂಪಾಗಿಸಿಕೊಂಡ ಸಾಹೇಬರೂ ಕೊನೆಗೆ ನಕ್ಕರು. ಆ ಮನುಷ್ಯನ ದೊಡ್ಡತನ ಎಂದರೆ ಅಷ್ಟಕ್ಕೇ ನಿಲ್ಲಿಸಲಿಲ್ಲ. ಗಾದೆ ಹೇಳಿದ್ದಕ್ಕೆ ಅಕ್ಕನ ಕ್ಷಮೆ ಕೇಳಿ, ಅಲ್ಲಿಂದಲೇ ದೊಡ್ಡ ಕಚೇರಿಗೆ ಫೋನ್ ಹಚ್ಚಿದರು. ಸಂಜೆಯ ಹೊತ್ತಿಗೆ ಹೊಸ ಪಟ್ಟಿ ಗೋಡೆಯ ಮೇಲಿತ್ತು. ಗೊರಕೆ ಅಣ್ಣನಿಗೆ ರಾತ್ರಿ ಬಸ್ಸು, ಸ್ಟೀರಿಂಗ್ ಅಕ್ಕನಿಗೆ ಬೆಳಗಿನ ಪಾಳಿ. ಅಕ್ಕ ಗೆದ್ದಿದ್ದಳು. ಆ ಸಂತೋಷದಲ್ಲೇ ನಟ್ಟನ್ನು ತಾನೇ ಎತ್ತಿಕೊಂಡು ಹೋಗಿ ಗುಜರಿ ಡಬ್ಬಕ್ಕೆ ಎಸೆದಳು.

ಕೆಲವರು ಮುನಿಸಿಕೊಂಡರು. ನಿಧಾನವಾಗಿ ಗುಂಡಿ ಹುಡುಕಿ ಒತ್ತುವವರ ಪಾಡೇನು ಎಂದು ಕೇಳಿದರು. ಅದೂ ನ್ಯಾಯವಾದ ಮಾತೇ. ನಾದಿನಿ ಹೇಳಿಕೊಟ್ಟಿದ್ದನ್ನು ಅಕ್ಕ ಸಾಹೇಬರಿಗೆ ಹೇಳಿದಳು. ಕಂಪ್ಯೂಟರ್ ನೋಡಿಕೊಳ್ಳುವವರು ಬಂದು ಸಮಯವನ್ನು ಒಂದಿಷ್ಟು ಹೆಚ್ಚಿಸಿದರು. ಮುಚ್ಚುವ ಮೊದಲು "ಇನ್ನೂ ಇದ್ದೀರಾ?" ಎಂದು ಪರದೆಯ ಮೇಲೆ ಕೇಳುವಂತೆ ಮಾಡಿದರು. ಅರ್ಧ ಬರೆದದ್ದು ಅಳಿಸಿಹೋಗದಂತೆಯೂ ನೋಡಿಕೊಂಡರು. ಗೊಣಗುವವರ ಬಾಯಿ ಮುಚ್ಚಿತು.

ಗಂಡನೂ ದಾರಿಗೆ ಬಂದ. ಬ್ರೆಡ್ ಕಾರ್ಖಾನೆಯಲ್ಲಿ ಹಾಜರಿ ಹಾಕುವ ಕಂಪ್ಯೂಟರ್ ಹಗಲೂ ರಾತ್ರಿ ತೆರೆದೇ ಇರುತ್ತಿತ್ತು. ಅದೂ ತಾನಾಗಿ ಮುಚ್ಚಿಕೊಳ್ಳುವಂತೆ ಮಾಡಿ ಎಂದು ಮೇಸ್ತ್ರಿಯ ಬೆನ್ನು ಹತ್ತಿ, ಮಾಡಿಸಿಯೇ ಬಿಟ್ಟ.

ನಾದಿನಿ ಹೊಸ ಊರಿಗೆ ಹೋದ ವಾರವೇ ಮಗುವಿಗೆ ಉಬ್ಬಸ ಎದ್ದಿತು. ಅಕ್ಕ ಪಕ್ಕದಲ್ಲೇ ಇದ್ದಳು. ಎತ್ತಿ ಕೂರಿಸಿ, ಇನ್ಹೇಲರಿನ ಔಷಧಿ ಎಳೆಸಿ, ಉಸಿರು ಹದಕ್ಕೆ ಬರುವ ತನಕ ಬೆನ್ನು ನೇವರಿಸಿದಳು. ಬೆಳಗಿನ ಜಾವ ಗಂಡ ಬಿಸಿ ಬ್ರೆಡ್ಡಿನೊಂದಿಗೆ ಬಾಗಿಲು ತಟ್ಟಿದಾಗ ಮಗಳು ನಿಶ್ಚಿಂತೆಯಿಂದ ನಿದ್ದೆ ಮಾಡುತ್ತಿದ್ದಳು. ಅಕ್ಕ ಅವಳ ಹಣೆಗೆ ಮುತ್ತಿಟ್ಟು, ಊರಿನ ಮೊದಲ ಬಸ್ಸನ್ನು ರಾಣಿಯ ಹಾಗೆ ಡಿಪೋದಿಂದ ಹೊರಗೆ ತಂದಳು.

ಈಗ ನಿಮ್ಮ ವಿಷಯಕ್ಕೆ ಬರೋಣ. ಆಸ್ಪತ್ರೆ, ಶಾಲೆ, ಕಚೇರಿ, ಗ್ರಂಥಾಲಯ, ಎಲ್ಲೇ ಇರಲಿ, ಹತ್ತು ಜನ ಮುಟ್ಟುವ ಕಂಪ್ಯೂಟರ್ ನಿಮ್ಮಲ್ಲಿಯೂ ಇರಬಹುದು. ಅದು ತಾನಾಗಿ ಲಾಗ್ ಔಟ್ ಆಗುವಂತಿದೆಯೇ ಎಂದು ಇವತ್ತೇ ಕೇಳಿ. ಇಲ್ಲದಿದ್ದರೆ ಮಾಡಿಸಿ. ಇದ್ದರೆ ಅದರ ಕಣ್ಣಿಗೆ ಮಣ್ಣೆರಚಬೇಡಿ. ಸಮಯ ಸಾಲದಿದ್ದರೆ ಹೆಚ್ಚಿಸಲು ಕೇಳಿ, ಅದು ನಿಮ್ಮ ಹಕ್ಕು. ಅದು ಮುಚ್ಚಲಿ ಎಂದು ಕಾಯದೆ, ಏಳುವಾಗ ನೀವೇ ಲಾಗ್ ಔಟ್ ಒತ್ತಿ. ಕೂರುವಾಗ ಮೇಲಿರುವ ಹೆಸರು ಓದಿ. ಬೇರೆಯವರ ಹೆಸರಿದ್ದರೆ ಮೊದಲು ಅದನ್ನು ಮುಚ್ಚಿ. ಹಾಗೆ ಮುಚ್ಚಿದ ಒಂದು ಪುಟದ ಹಿಂದೆ ಯಾರದೋ ಮಗು ನೆಮ್ಮದಿಯಾಗಿ ಉಸಿರಾಡುತ್ತಿರಬಹುದು.