ಮಗುಚಿ ಬಿದ್ದ ರೊಟ್ಟಿ

ಮತ್ತೆ ಆ ಬಿಳಿ ಸ್ಕಾರ್ಫು, ಕಿಟಕಿಯಾಚೆ, ಶಾಲೆಯ ಅಂಗಳದಲ್ಲಿ — ಸೈಕಾಲ್ ನೀರು ಕುಡಿಯಲು ಹೊರಗೆ ಹೋದಳಷ್ಟೇ, ಆಗಲೇ ಐದಾರು ಜನ ಸುತ್ತುವರಿದಿದ್ದಾರೆ, ನಾನು ಬೆಳಗಿನಿಂದ ಮೂರು ಸಲ ಹೋಗಿ ಬಂದೆ, ಒಬ್ಬರೂ ಚಹಾ ಆಯ್ತಾ ಎಂದು ಕೇಳಲಿಲ್ಲ. ಈ ಮತಗಟ್ಟೆಯ ಅಧ್ಯಕ್ಷೆ ನಾನು, ಊಲ್ಜಾನ್, ಮೊಹರು ನನ್ನ ಕೈಯಲ್ಲಿದೆ, ಅವಳು ಬರೀ ಕಾರ್ಯದರ್ಶಿ, ಮಕ್ಕಳಿಗೆ ರಸಾಯನಶಾಸ್ತ್ರ ಹೇಳುವವಳು, ಅವಳು ಕೆಲಸಕ್ಕೆ ಸೇರಿದಾಗ ಹಾಜರಿ ಪುಸ್ತಕ ಬರೆಯಲು ಕಲಿಸಿದವಳೇ ನಾನು — ಹೊಟ್ಟೆ ಉರಿಯುತ್ತದೆ, ಸುಳ್ಳು ಯಾಕೆ ಹೇಳಲಿ. ಬೆಳಿಗ್ಗೆ ಅತ್ತೆ ಚಹಾಕ್ಕೆ ಹಾಲು ಬೆರೆಸುತ್ತಾ, ಈ ಸಲ ಎಣಿಕೆ ಪಟ್ಟಿಗೆ ಸೈಕಾಲ್ ರುಜು ಹಾಕ್ತಾಳೇನೇ? ನಾನು ಹಾಕ್ತೀನಲ್ಲ ಅತ್ತೆ. ನೀನು ಬಿಡು, ನೀನು ಯಾವಾಗ್ಲೂ ಹಾಕ್ತೀಯ. ನಾನು ಕಾಯಿಸಿದ ಹಾಲು, ನಾನು ಕುದಿಸಿದ ನೀರು!

ಎಣಿಕೆ ಮುಗಿದಿದೆ, ಒಂದೊಂದು ಚೀಟಿಯನ್ನೂ ಎತ್ತಿ ಎಲ್ಲರಿಗೂ ತೋರಿಸಿದ್ದೇನೆ, ಈ ಸಲ ಒಂದೂ ಆಚೀಚೆ ಆಗಿಲ್ಲ, ದೇವರಾಣೆ — ಆಣೆ, ಬಂತು ನೋಡು, ಆಣೆ ಎಂದ ಕೂಡಲೇ ಆ ರೊಟ್ಟಿ. ಐದು ವರ್ಷದ ಹಿಂದೆ, ಇದೇ ಮೇಜು, ಮೇಲಿನವರ ಫೋನು, ಅಂಕಿ ಹೇಳ್ತೀನಿ ಬರ್ಕೋ, ನಾನು ಬರೆದುಕೊಳ್ಳುತ್ತೇನೆ, ಸೈಕಾಲ್ ಪೆನ್ನು ಕೆಳಗಿಡುತ್ತಾಳೆ, ಅಕ್ಕ, ನಾವು ಎಣಿಸಿದ್ದು ಇದಲ್ಲ, ನಾನು ರುಜು ಹಾಕಲ್ಲ. ಬಾಗಿಲಲ್ಲಿ ಜನ, ಊರ ಹಿರಿಯ ಮಾಂಬೆತ್ ತಾತನ ಕೈಯಲ್ಲಿ ದುಂಡು ರೊಟ್ಟಿ, ಕಾಗದ ಹಾಗಿರ್ಲಮ್ಮ, ಇದನ್ನ ಮುಟ್ಟಿ ಎಣಿಕೆ ನಿಜ ಅಂತ ಹೇಳು, ಸುಳ್ಳಾದ್ರೆ ರೊಟ್ಟಿ ನನ್ನ ಹೊಡೀಲಿ ಅನ್ನು. ಅಂದೆ. ಅಂದುಬಿಟ್ಟೆ, ಹಣೆಗೆ ಮುಟ್ಟಿಸಿ ಮೇಜಿಗಿಡುವಾಗ ಕೈ ಜಾರಿ ರೊಟ್ಟಿ ಮಗುಚಿ ಬಿತ್ತು, ಅಚ್ಚೊತ್ತಿದ ಮುಖ ಕೆಳಗೆ, ಸುಟ್ಟ ಬೆನ್ನು ಮೇಲೆ, ನಮ್ಮಲ್ಲಿ ಮೂರು ವರ್ಷದ ಮಗುವೂ ರೊಟ್ಟಿಯನ್ನು ಹಾಗಿಡುವುದಿಲ್ಲ, ಅನ್ನಕ್ಕೆ ಅವಮಾನ, ಸೈಕಾಲ್ ಕೈ ಚಾಚಿ ಅದನ್ನು ತಿರುಗಿಸಿಟ್ಟಳು, ಮೆಲ್ಲಗೆ, ಮಲಗಿದ ಮಗುವಿನ ಮಗ್ಗುಲು ಬದಲಿಸಿದ ಹಾಗೆ. ಮರುದಿನ ರಾಜಧಾನಿ ಬಿಷ್ಕೆಕ್‌ನಲ್ಲಿ ಜನ ಸರ್ಕಾರಿ ಭವನದ ಗೇಟು ಮುರಿದು ಒಳನುಗ್ಗಿದರು, ಚುನಾವಣೆ ರದ್ದಾಯಿತು, ದೊಡ್ಡವರು ದೊಡ್ಡ ಕಾರಣ ಹೇಳಿದರು, ಇರಬಹುದು, ನಮ್ಮೂರಲ್ಲಿ ಸರ್ಕಾರ ಬಿದ್ದದ್ದು ಈ ಮೇಜಿನ ಮೇಲೆಯೇ. ಆಮೇಲೆ ಫೋನಿನ ದನಿ ಬದಲಾಯಿತು, ಗೋಡೆಯ ಪಟ ಬದಲಾಯಿತು, ಮತಗಟ್ಟೆಗೆ ಅಧ್ಯಕ್ಷೆ ಮಾತ್ರ ನಾನೇ, ಬೇರೆ ಯಾರಿಗೂ ಈ ತಲೆನೋವು ಬೇಡವಾಗಿತ್ತು.

ಈಗ ಸೈಕಾಲ್ ಒಳಗೆ ಬಂದಳು, ಹಿಂದೆಯೇ ಮಾಂಬೆತ್ ತಾತ, ಕೋಲು ಒಂದು ಕೈಯಲ್ಲಿ, ರೊಟ್ಟಿ ಇನ್ನೊಂದರಲ್ಲಿ, ಅವನ ಹಿಂದೆ ಗೆದ್ದವರು, ಸೋತವರು, ಅವರ ನಂಟರು. ತಾತ ನನ್ನ ಮುಂದೆ ಬಂದ, ನಾನು ಕೈ ಚಾಚಿದೆ, ಅವನು ದಾಟಿ ಹೋದ — ನೀನು ಹೇಳಮ್ಮ ಸೈಕಾಲ್. ಚಾಚಿದ ಕೈಯನ್ನು ಏನು ಮಾಡಲಿ, ಮೊಹರು ಎತ್ತಿಕೊಂಡೆ. ಒಂದು ಚೀಟಿಯಾದರೂ ತಪ್ಪಿರಲಿ, ಅವಳ ಕೈಯೂ ಒಮ್ಮೆ ಜಾರಲಿ, ಅವಳ ರೊಟ್ಟಿಯೂ ಮಗುಚಲಿ, ಎಂದು ಬೇಡಿದೆ, ನನ್ನ ಜೀವನದ ಒಂದೇ ಪ್ರಾಮಾಣಿಕ ಎಣಿಕೆ ಹಾಳಾಗಲಿ ಎಂದು ನಾನೇ ಬೇಡಿದೆ. ಅವಳು ನಕ್ಕಳು. ತಾತ, ಎಣಿಸಿದ್ದು ಅಕ್ಕ. ಅಕ್ಕಾನೇ ಹೇಳ್ಲಿ. ರೊಟ್ಟಿ ನನ್ನ ಕೈಗೆ ಬಂತು, ಇನ್ನೂ ಬಿಸಿ, ಬೈದಿದ್ದರೂ ಇಷ್ಟು ಉರಿಯುತ್ತಿರಲಿಲ್ಲ.

ಸುಳ್ಳಾದ್ರೆ ರೊಟ್ಟಿ ನನ್ನ ಹೊಡೀಲಿ. ದನಿ ಗಟ್ಟಿಯಾಗಿಯೇ ಇತ್ತು, ಹಣೆಗೆ ಮುಟ್ಟಿಸಿದೆ, ಎರಡೂ ಕೈಯಲ್ಲಿ ಮೇಜಿನ ಮೇಲಿಟ್ಟೆ, ಮುಖ ಮೇಲೆ, ನೆಟ್ಟಗೆ, ತಲೆಯೆತ್ತಿ ನೋಡಿದರೆ ಒಬ್ಬರ ಕಣ್ಣೂ ನನ್ನ ಮೇಲಿಲ್ಲ, ಎಲ್ಲರೂ ಸೈಕಾಲ್‌ಳ ಮುಖ ನೋಡುತ್ತಿದ್ದಾರೆ. ಅವಳು ತಲೆಯಾಡಿಸಿದಳು. ಆಗ ಅವರ ಹೆಗಲುಗಳು ಇಳಿದವು, ಸೋತವನು ಟೋಪಿ ಸರಿಮಾಡಿಕೊಂಡು ಗೆದ್ದವನ ಕೈ ಕುಲುಕಿದ, ಹೊರಡ್ರಪ್ಪ, ಕುರಿ ಬರೋ ಹೊತ್ತಾಯ್ತು, ಎಂದ ತಾತ. ಹೋದರು, ಅವಳ ಜೊತೆಗೇ ಎಲ್ಲರೂ ಹೋದರು, ನಾನು ಪಟ್ಟಿಗೆ ಮೊಹರು ಒತ್ತುತ್ತಿದ್ದೇನೆ, ಎದುರಿಗೆ ರೊಟ್ಟಿ ಮುಖ ಮೇಲಾಗಿಯೇ ಇದೆ, ನನ್ನ ಕೈಯಾರೆ ಇಟ್ಟದ್ದು, ಸರಿಯಾಗಿಯೇ ಇದೆ — ಆದರೂ ಅವಳ ಆ ಕೈ ಕಣ್ಣ ಮುಂದೆ ಬರುತ್ತದೆ, ಮೆಲ್ಲಗೆ, ರೊಟ್ಟಿಯನ್ನು ತಿರುಗಿಸಿಡುತ್ತದೆ, ಮತ್ತೆ ಬರುತ್ತದೆ, ತಿರುಗಿಸಿಡುತ್ತದೆ