ಕಾಟು ಹೊಡೆದ ನಂಬರು

ತುಕ್ಕಾನಟ್ಟಿಯಲ್ಲಿ ಬಸ್ಸಿಳಿಯುವ ಹೊತ್ತಿಗೆ ದಾಕ್ಷಾಯಿಣಿ ಉಮೇಶನಿಗೆ ನಾಲ್ಕನೆಯ ಸಲ ಫೋನ್ ಹಚ್ಚಿದ್ದಳು. ಈ ಸಲ ಎತ್ತಿದ.

"ಸರ್, ಆ ಹಾಜರಿ ಹಾಳಿ ಫೋಟೊ ಗ್ರೂಪಿನಿಂದ ತಗೀರಿ."

"ಹಾಕಿದಾಕಿ ನೀವು. ತಗಿಯಾಂವ ನಾನೇನ್ರಿ?"

"ನಾ ಅಳಸಾಕ ಹೋಗಿ ನನ್ನ ಫೋನಿನ್ಯಾಗಷ್ಟ ಅಳಿಸೇತಿ. ಅಡ್ಮಿನ್ ನೀವ ಅದೀರಿ."

"ನಾ ತಗದ್ರ ಏನ್ ಆಗ್ತೈತಿ? ಆ ಊರ ಹಿರ್ಯಾ ಯಲ್ಲಾಲಿಂಗ ತಮ್ಮೂರ ಗ್ರೂಪಿಗೆ ಆಗಲೇ ಕಳಿಸ್ಯಾನ. ನಮ್ಮೂರ ಹುಡುಗ್ಯಾರು ಶಾಣ್ಯಾ ಅದಾರ ಅಂತ ಹೆಮ್ಮಿಲೇ ಕಳಿಸ್ಯಾನ, ಪಾಪ. ನಾಳೆ ಹುಕ್ಕೇರಿಯೊಳಗ ಕ್ಲಾಸ್ ಐತಿ ನೋಡ್ರಿ. ನಾಲ್ಕರೊಳಗ ಹಾಳಿ ಫೋಟೊ ಬರ್ಲಿ."

ಅವಳು ಫೋನ್ ಇಟ್ಟಳು. ಉಮೇಶನನ್ನು ಬೈಯಬೇಕೆನಿಸಿತು. ಆದರೆ ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ, ಅದೇ ಅವಳನ್ನು ಕೊರೆಯುತ್ತಿತ್ತು. ಹಾಕಿದ್ದು ಅವಳೇ.

ಗೋಕಾಕಿನ ಒಂದು ಸಂಸ್ಥೆಯಲ್ಲಿ ಅವಳ ಕೆಲಸ. ಮೊಬೈಲ್ ಹಿಡಿದ ಹುಡುಗಿಯರು ಮೋಸಹೋಗದಂತೆ, ತಮ್ಮ ವಿಷಯ ಕಂಡಕಂಡವರ ಕೈಗೆ ಕೊಡದಂತೆ ಊರೂರಿಗೆ ಹೋಗಿ ಪಾಠ ಹೇಳಬೇಕು. ಉಮೇಶ ಅವಳ ಮೇಲಿನವನು. ಹಿಂದಿನ ತಿಂಗಳು ಒಂದೂರಿನಲ್ಲಿ ಮೂವತ್ತು ಹುಡುಗಿಯರು ಹಾಜರಿ ಹಾಳೆಯಲ್ಲಿ ಹೆಡ್‌ಮಾಸ್ತರರ ಒಂದೇ ನಂಬರು ಬರೆದಿಟ್ಟಿದ್ದರು. "ಮೂವತ್ತೂ ಮಂದಿ ಮಾಸ್ತರ ಮಕ್ಕಳೇನ್ರಿ?" ಎಂದು ಉಮೇಶ ಎಲ್ಲರೆದುರು ನಗೆಯಾಡಿದ್ದ. ಅದಕ್ಕೇ ನಿನ್ನೆ ಇಲ್ಲಿನ ಸಮುದಾಯ ಭವನದಲ್ಲಿ ಅವಳು ಹಾಳೆಯ ಬಾಜೂಕ್ಕೇ ನಿಂತು ಬರೆಸಿದ್ದಳು.

ಪಿಯುಸಿ ಎರಡನೆಯ ವರ್ಷದ ವಿದ್ಯಾ ಒಂದು ನಂಬರು ಬರೆದಿದ್ದಳು.

"ಇದು ನಿಂದೇನ?"

"ನಮ್ಮಪ್ಪಂದ್ರಿ."

"ನಿಂದ ಇದ್ರ ನಿಂದ ಬರಿ. ಖರೇ ಬರಿ."

ಹುಡುಗಿ ಪೆನ್ನಿನ ತುದಿ ನೋಡುತ್ತ ಒಂದು ಗಳಿಗೆ ನಿಂತಳು. ಆಮೇಲೆ ಅಪ್ಪನ ನಂಬರಿಗೆ ಕಾಟು ಹೊಡೆದು, ಅದರ ಮೇಲೆ ಸಣ್ಣ ಅಕ್ಷರದಲ್ಲಿ ಇನ್ನೊಂದು ಬರೆದಳು. ಅದು ಮುಗಿದ ಮೇಲೆ ಪಾಠ ಶುರುವಾಗಿತ್ತು. ಮೊದಲ ಮಾತೇ, ನಿಮ್ಮ ನಂಬರು ಯಾರಿಗೂ ಕೊಡಬೇಡಿ ಎಂಬುದು.

ಹಿಂದಿನ ಸಾಲಿನಿಂದ ಅಲ್ಲವ್ವ ಎಂಬ ಹುಡುಗಿ, "ಅಕ್ಕಾರ, ಈಗ ನೀವ ಇಸಗೊಂಡ್ರಲ್ಲಾ?" ಎಂದಿದ್ದಳು. ಎಲ್ಲರೂ ನಕ್ಕಿದ್ದರು. ದಾಕ್ಷಾಯಿಣಿಯೂ ನಕ್ಕು, "ಇದು ಆಫೀಸಿಗವ್ವಾ" ಎಂದಿದ್ದಳು. ಮೂರೂಮುಕ್ಕಾಲಿಗೆ ಫೋಟೊ ತೆಗೆದು ಸಂಸ್ಥೆಯ ಗ್ರೂಪಿಗೆ ಹಾಕಿದ್ದಳು. ಆ ಗ್ರೂಪಿನಲ್ಲಿ ಊರೂರಿನ ಹಿರಿಯರಿದ್ದಾರೆಂಬುದು ಅವಳಿಗೆ ಗೊತ್ತಿಲ್ಲದ್ದೇನಲ್ಲ.

ಬೆಳಿಗ್ಗೆ ವಿದ್ಯಾ ಬಾಜೂ ಮನೆಯವರ ಫೋನಿನಿಂದ ದಾಕ್ಷಾಯಿಣಿಯೊಂದಿಗೆ ಮಾತಾಡಿದ್ದಳು. ಅಪ್ಪನಿಗೆ ಆ ಎರಡನೆಯ ನಂಬರಿನ ಸುದ್ದಿಯೇ ಇರಲಿಲ್ಲ. ದೊಡ್ಡಪ್ಪನ ಮಗ ಮಹೇಶ ಫೋಟೊ ತೋರಿಸಿ, "ಕಾಕಾ, ನಿನ್ನ ನಂಬರಿಗೆ ಕಾಟ್ ಹೊಡದಾಳ ನೋಡ" ಎಂದನಂತೆ. ಈಗ ಫೋನ್ ಅಪ್ಪನ ಕೈಯಲ್ಲಿ. ಸೋಮವಾರದಿಂದ ಗೋಕಾಕಿಗೆ ಕಾಲೇಜಿಗೆ ಕಳಿಸುವುದಿಲ್ಲ ಎಂದುಬಿಟ್ಟಿದ್ದ.

ದಾಕ್ಷಾಯಿಣಿ ಹೋದಾಗ ವಿದ್ಯಾಳ ಅಪ್ಪ ಮಾಯಪ್ಪ ಮನೆಯ ಮುಂದಿನ ಕುರಿಹಟ್ಟಿಯ ಬೇಲಿಗೆ ಮುಳ್ಳು ತುಂಬುತ್ತಿದ್ದ. ದೀಪಾವಳಿ ಮುಗಿಸಿ ಕುರಿ ಹೊಡೆದುಕೊಂಡು ಹೋದವನು ಮುಂಗಾರಿಗೆ ತಿರುಗಿ ಬಂದಿದ್ದ. ಮನೆಯ ಫೋನೂ ಅವನ ಸಂಗಡವೇ ಅಡವಿ ಸುತ್ತಿ ಬರುತ್ತಿತ್ತು. ಕಾಲೇಜಿನವರು ಪಾಠದ ಟಿಪ್ಪಣಿಗಳನ್ನೆಲ್ಲ ಮೊಬೈಲಿಗೇ ಕಳಿಸುತ್ತಿದ್ದರು. ಅದಕ್ಕೆಂದೇ ಹುಕ್ಕೇರಿಯ ಚಿಗವ್ವ ಲಕ್ಕವ್ವ ತನ್ನ ಹಳೆಯ ಫೋನನ್ನು ವಿದ್ಯಾಗೆ ಕೊಟ್ಟಿದ್ದಳು.

"ಬರ್ರಿ ಅಕ್ಕಾರ," ಎಂದ ಮಾಯಪ್ಪ. "ನೀವ ಅಲ್ಲೇನ್ರಿ ಪಾಠ ಹೇಳಿದವ್ರು? ಏನ್ ಹೇಳಿದ್ರಿ?"

"ನಂಬರ್ ಯಾರಿಗೂ ಕೊಡಬ್ಯಾಡ್ರಿ ಅಂತ."

"ಚೊಲೋ ಹೇಳಿದ್ರಿ. ಊರ ಮಂದಿಗೆಲ್ಲಾ ಮುಟ್ಟೇತಿ."

ದಾಕ್ಷಾಯಿಣಿ ಬಸ್ಸಿನಲ್ಲಿ ಜೋಡಿಸಿಕೊಂಡಿದ್ದ ಮಾತು ಬಿಟ್ಟು ನೇರವಾಗಿ ಹೇಳಿದಳು. "ತಪ್ಪು ನಂದ್ರಿ. ಬರಿ ಅಂದಾಕಿ ನಾನ, ಕಳಿಸಿದಾಕಿನೂ ನಾನ. ಹುಡುಗಿ ಸಾಲಿ ಬಿಡಸ್‌ಬ್ಯಾಡ್ರಿ."

"ನಿಮ್ಮ ತಪ್ಪು ನಿಮಗ ಇರ್ಲಿ. ಅಕಿ ಮುಚ್ಚಿಟ್ಟಿದ್ದು ಅಕಿದು. ಮಂದಿ ನನಗ ಕೇಳಾಕತ್ತಾರ, ಮಗಳ ಹತ್ರ ಫೋನ್ ಐತಿ ಅನ್ನೂದು ನಿನಗ ಗೊತ್ತಿಲ್ಲೇನು ಅಂತ. ನಾ ಏನ್ ಹೇಳ್ಲಿ?"

ಅವನು ಒಳಕಿಸೆಯಿಂದ ಫೋನ್ ತೆಗೆದ. ಮೂಲೆಯಲ್ಲಿ ಗಾಜು ಒಡೆದಿತ್ತು. ಬಾಗಿಲಲ್ಲಿ ನಿಂತ ವಿದ್ಯಾಳನ್ನು ಕರೆದು ಬೀಗ ತೆರೆಸಿದ. ಅವಳು ಯಾರ ಮುಖವನ್ನೂ ನೋಡದೆ ತೆರೆದು ಕೊಟ್ಟಳು.

"ನನಗ ಓದಾಕ ಬರಂಗಿಲ್ಲ. ಮಹೇಶ್ಯಾಗ ಕೊಟ್ರ ಊರೆಲ್ಲಾ ಡಂಗುರ ಹೊಡಿತಾನ. ನೀವು ಓದಿದವ್ರು. ಒಳಗ ಏನೇನೈತಿ ಎಲ್ಲಾ ನೋಡ್ರಿ. ಸುದ್ದ ಐತಿ ಅಂದ್ರ ಸೋಮವಾರ ಕಳಸ್ತೇನಿ."

ದಾಕ್ಷಾಯಿಣಿಯ ಕೈ ತಾನಾಗಿ ಮುಂದೆ ಹೋಯಿತು. ಎರಡು ನಿಮಿಷದ ಕೆಲಸ. ನೋಡಿದಂತೆ ಮಾಡಿ, ಏನೂ ಇಲ್ಲ ಎಂದರೆ ಮುಗಿಯಿತು. ಸುಳ್ಳು ಹೇಳುವುದು ಬೇಡವೆಂದರೆ ಖರೇ ನೋಡಬಹುದು. ಅಲ್ಲಿ ಏನಾದರೂ ಇದ್ದರೆ? ಇಲ್ಲದಿದ್ದರೂ, ನಾಳೆ ಮಹೇಶ ಇನ್ನೇನೋ ಅಂದಾಗ ಮತ್ತೆ ಯಾರು ನೋಡಬೇಕು? ನಿನ್ನೆ ತಾನು ಹೇಳಿದ ಪಾಠ ಇಲ್ಲಿ ಯಾರಿಗೂ ಉಪಯೋಗಕ್ಕೆ ಬರಲಿಲ್ಲ. ತನಗಾದರೂ ಬರಬೇಡವೇ?

"ನಾ ನೋಡಂಗಿಲ್ರಿ," ಎಂದಳು. "ಅದು ಅಕಿದು."

"ಹಂಗಂದ್ರ ಏನೋ ಐತಿ ಅಂತ ಆತು."

"ಹಂಗಲ್ರೀ—"

"ಮತ್ತ ಹೆಂಗ್ರಿ?"

ಸಾಲಿ ಉಳಿಸಲು ಬಂದವಳು ತಾನೇ ಕೈಯಾರೆ ಕೆಡಿಸಿದೆನೇ ಎಂದು ದಾಕ್ಷಾಯಿಣಿಗೆ ಅನಿಸಿತು. ವಿದ್ಯಾ ಈಗ ಅವಳನ್ನೇ ದಿಟ್ಟಿಸುತ್ತಿದ್ದಳು. ಆ ನೋಟದಲ್ಲಿ ಇದ್ದದ್ದು ಕೃತಜ್ಞತೆಯೋ ಸಿಟ್ಟೋ ತಿಳಿಯಲಿಲ್ಲ.

ಅಷ್ಟರಲ್ಲಿ ಒಲೆಯ ಮುಂದಿದ್ದ ಹಣಮವ್ವ, ವಿದ್ಯಾಳ ತಾಯಿ, ರೊಟ್ಟಿಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು.

"ಅದರಾಗ ನನ್ನವೂ ಮಾತು ಅದಾವು," ಎಂದಳು. "ಲಕ್ಕವ್ವನ ಕೂಡ ದಿನಾ ಮಾತಾಡಿ ಕಳಸ್ತೇನಿ. ಅವನ್ನೂ ನೋಡಸ್ತೀ ಏನ?"

ಮಾಯಪ್ಪ ತಿರುಗಿದ. "ನಿನಗೂ ಗೊತ್ತಿತ್ತೇನ?"

"ಏಳು ತಿಂಗಳು ನೀ ಕುರಿ ಬೆನ್ನ ಹತ್ತಿರ್ತಿ. ನಿಮ್ಮವ್ವ ನನಗ ಏನ್ ಅಂತಾಳ, ಸಂತಿಯೊಳಗ ನಿಮ್ಮಣ್ಣ ಏನ್ ಅಂದ, ಯಾರ ಮುಂದ ಹೇಳ್ಲಿ? ಕುರಿ ಮುಂದ? ಕುರಿನೂ ನೀ ಒಯ್ದಿರ್ತಿ. ತಗಿ, ಕೇಳೂಣು. ಅಕ್ಕಾರೂ ಅದಾರ, ಎಲ್ಲಾರೂ ಕೂಡಿ ಕೇಳೂಣು."

ಮಾಯಪ್ಪ ಫೋನನ್ನು ಅಂಗೈಯಲ್ಲಿ ಒಮ್ಮೆ ಹೊರಳಿಸಿದ. ಪರದೆಯ ಬೆಳಕು ತಾನೇ ಆರಿತು. ಅವನು ಅದನ್ನು ಹೆಂಡತಿಯ ಹಿಟ್ಟಿನ ಕೈಗೆ ಕೊಟ್ಟು ಮುಳ್ಳಿನ ಹೊರೆಯ ಕಡೆ ಬಗ್ಗಿದ.

"ಸೋಮವಾರ ಹೋಗ್ಲಿ," ಎಂದ ಬೆನ್ನು ತಿರುಗಿಸಿಯೇ. "ಫೋನ್ ಮನ್ಯಾಗ ಇರ್ಲಿ, ನಿನ್ನ ಕಡೆ. ಕಾಲೇಜಿಗೆ ಒಯ್ಯಾಂಗಿಲ್ಲ."

ವಿದ್ಯಾ ದಾಕ್ಷಾಯಿಣಿಯನ್ನು ಓಣಿಯವರೆಗೆ ಕಳಿಸಲು ಬಂದಳು.

"ಬೀಗ ತಗಿಯೂವಾಗ ನೋಡಿದ್ನಿ, ಮುಂಜಾನಿಂದ ಹನ್ನೊಂದು ಫೋನ್ ಬಂದಾವ್ರಿ," ಎಂದಳು ಹುಡುಗಿ. "ಯಾರವು ಅಂತ ಗೊತ್ತಿಲ್ಲ. ಆ ಹಾಳಿ ಇನ್ನೂ ಗ್ರೂಪಿನ್ಯಾಗ ಐತೇನ್ರಿ?"

"ಐತಿ."

"ಮತ್ತ ಉಳಿದವ್ರು?"

ಇನ್ನೂ ಮೂವತ್ತೇಳು ಹುಡುಗಿಯರು. ದಾಕ್ಷಾಯಿಣಿ ಚೀಲದಿಂದ ಆ ಹಾಳೆ ತೆಗೆದು, ನಂಬರುಗಳಿದ್ದ ಕಡೆ ಒಳಗೆ ಮಡಚಿ, ಹೆಸರುಗಳಷ್ಟೇ ಕಾಣುವಂತೆ ಹಿಡಿದಳು.

"ಇಲ್ಲಿಂದ ಸಮೀಪ ಯಾರ ಮನಿ ಐತಿ?"

ವಿದ್ಯಾ ಬೆರಳಿಟ್ಟಳು. "ಅಲ್ಲವ್ವಂದು. ಅವರಪ್ಪ ನಮ್ಮಪ್ಪನಂಗಲ್ರಿ," ಎಂದಳು. "ಬಾಳ ಸಿಟ್ಟಿನಾಂವ."

ದಾಕ್ಷಾಯಿಣಿ ಆ ಮನೆಯ ದಾರಿ ಕೇಳಿಕೊಂಡು ನಡೆದಳು.