ನಮ್ಮನೇಲಿ ಸಂಗೀತವೇ ಇರ್ಲಿಲ್ಲ ಅಂದೆ

ನನ್ನ ಮೊದಲ ಆಲ್ಬಂ ಹೊರಬಂದ ವಾರ ಸ್ಟಾಕ್‌ಹೋಮಿನ ರೇಡಿಯೋದವರು ಕರೆಸಿ ಮಾತಾಡಿಸಿದರು.

"ಇಲ್ವಾ ಅವರೇ, ನಿಮ್ಮ ಹಾಡುಗಳ ಮೇಲೆ ಯಾರ ಪ್ರಭಾವ ಇದೆ? ಚಿಕ್ಕಂದಿನಲ್ಲಿ ಮನೇಲಿ ಏನು ಕೇಳ್ತಿದ್ರಿ?" ಅಂತ ನಿರೂಪಕಿ ಕೇಳಿದಳು.

ಡೆಟ್ರಾಯಿಟಿನ ಟೆಕ್ನೋ ಅಂದೆ, ಬರ್ಲಿನ್ನಿನ ಕ್ಲಬ್ಬುಗಳ ಸಂಗೀತ ಅಂದೆ. "ಮನೇಲಾ? ನಮ್ಮನೇಲಿ ಸಂಗೀತವೇ ಇರ್ಲಿಲ್ಲ. ಎಲ್ಲಾ ನಾನಾಗೇ ಹುಡುಕ್ಕೊಂಡಿದ್ದು" ಅಂತಲೂ ಅಂದುಬಿಟ್ಟೆ. ನಾಲಿಗೆ ಒಂದಿಷ್ಟೂ ತಡವರಿಸಲಿಲ್ಲ.

ನನ್ನಪ್ಪ ಸೋರೆನ್ ಮೂವತ್ತೊಂದು ವರ್ಷ ಡ್ಯಾನ್ಸ್‌ಬ್ಯಾಂಡಿನಲ್ಲಿ ಅಕಾರ್ಡಿಯನ್ ನುಡಿಸಿ ಹಾಡಿದವನು. ಶನಿವಾರ ಬಂತೆಂದರೆ ಊರೂರಿನ ಪಾರ್ಕುಗಳಲ್ಲಿ ಜೋಡಿಗಳು ಅವನ ಹಾಡಿಗೆ ಕುಣಿಯುತ್ತಿದ್ದವು. ಸ್ಪೀಕರ್ ಪೆಟ್ಟಿಗೆಗಳ ನಡುವೆ, ಬ್ಯಾಂಡಿನ ಬಸ್ಸಿನಲ್ಲೇ ನಿದ್ದೆ ಮಾಡಿ ಬೆಳೆದವಳು ನಾನು. ಆದರೆ ಸ್ಟಾಕ್‌ಹೋಮಿನ ನನ್ನ ಗೆಳೆಯರಿಗೆ ಡ್ಯಾನ್ಸ್‌ಬ್ಯಾಂಡ್ ಅಂದರೆ ನಗೆಪಾಟಲು. ಮಿರುಗುವ ನೇರಳೆ ಕೋಟು, ಕುಚ್ಚಿನ ಅಂಗಿ ತೊಟ್ಟ ಅಪ್ಪನ ಫೋಟೋ ನಾನು ಯಾರಿಗೂ ತೋರಿಸಿರಲಿಲ್ಲ.

ಅದೇ ಭಾನುವಾರ ಅಪ್ಪನಿಗೆ ಎಪ್ಪತ್ತು ತುಂಬಿತು. ಅವನಿರುವ ನಮ್ಮೂರು ಆರ್ವಿಕಾಗೆ ಹೋದೆ. ಅಪ್ಪನ ಬ್ಯಾಂಡಿನಲ್ಲಿ ಬಾಸ್ ಗಿಟಾರ್ ನುಡಿಸುತ್ತಿದ್ದ ಸಿಕ್ಸ್ಟೆನ್ ಆಗಲೇ ಬಂದು ಕೂತಿದ್ದ.

"ಬಂದ್ಲಪ್ಪ, ಸಂಗೀತವೇ ಇಲ್ಲದ ಮನೆ ಮಗಳು!" ಅಂದ.

ಇಬ್ಬರೂ ರೇಡಿಯೋ ಕೇಳಿದ್ದರು. ನನ್ನ ಕಿವಿ ಬಿಸಿಯಾಯಿತು.

"ಸುಮ್ನೆ ತಿನ್ನೋ, ಸಿಗಡಿ ಅಂಗಿ ಮೇಲೆ ಬೀಳ್ತಿದೆ" ಅಂತ ಅಪ್ಪ ಅವನನ್ನು ಗದರಿ, ಸಿಗಡಿ ಹರಡಿದ ಸ್ಯಾಂಡ್‌ವಿಚ್ ಕೇಕಿನ ದೊಡ್ಡ ತುಂಡೊಂದನ್ನು ನನ್ನ ತಟ್ಟೆಗೆ ಹಾಕಿದ. ಆಮೇಲೆ, "ನಿನ್ನ ಆಲ್ಬಮ್ಮಿನ ನಾಲ್ಕನೇ ಹಾಡಲ್ಲಿ ಕೊನೇ ಚರಣಕ್ಕೆ ಶ್ರುತಿ ಮೇಲೆತ್ತಿದೀಯಲ್ಲ, ಚೆನ್ನಾಗಿದೆ. ನಾವೂ ಹಾಗೇ ಮಾಡ್ತಿದ್ವಿ" ಅಂದ.

ಕುಣಿಯುವವರ ಕಾಲು ಸೋತಾಗ ಹಾಗೆ ಎತ್ತಬೇಕು ಅಂತ ನನಗೆ ಒಂಬತ್ತನೇ ವಯಸ್ಸಿನಲ್ಲಿ ಹೇಳಿಕೊಟ್ಟವನೇ ಅವನು. ಸಿಕ್ಸ್ಟೆನ್ ನನ್ನ ಮುಖವನ್ನೇ ನೋಡುತ್ತಿದ್ದ.

"ಅದು ಕಂಪ್ಯೂಟರಲ್ಲಿ ಆಟ ಆಡ್ತಾ ಬಂದಿದ್ದಪ್ಪ" ಅಂದೆ.

"ಹೌದಾ" ಅಂದು ಅಪ್ಪ ಕಾಫಿ ಬಗ್ಗಿಸಿದ.

ಸಿಕ್ಸ್ಟೆನ್ ಹೋದ ಮೇಲೆ ಅಪ್ಪ ಪಾತ್ರೆ ತೊಳೆಯುತ್ತಿದ್ದ, ನಾನು ಒರೆಸುತ್ತಿದ್ದೆ. ತಡೆಯಲಾಗಲಿಲ್ಲ.

"ಸುಳ್ಳು ಹೇಳ್ದೆ ಅಪ್ಪ. ಎರಡು ಸಲಾನೂ. ಶ್ರುತಿ ಎತ್ತೋದು ನಿನ್ನಿಂದ್ಲೇ ಕಲ್ತಿದ್ದು."

"ಗೊತ್ತು."

"ನಂಗೆ ನಾಚಿಕೆಯಾಗ್ತಿತ್ತು. ಆ ಕೋಟು, ಅದೆಲ್ಲ..."

"ಕೋಟು ನಂಗೂ ಹಿಡಿಸ್ತಿರ್ಲಿಲ್ಲ" ಅಂದ. ನಲ್ಲಿ ನಿಲ್ಲಿಸಿದ. "ಆದ್ರೆ ನಾನು ಯಾವತ್ತೂ ನಾಚ್ಕೊಂಡಿರ್ಲಿಲ್ಲ ಕಣೇ."

"ರೇಡಿಯೋದಲ್ಲಿ ನಿಜ ಹೇಳ್ತೀನಿ."

"ಬೇಡ. ಈಗ ಹೇಳಿದ್ರೆ ನಾನೇ ಹೇಳಿಸಿದ ಹಾಗಿರುತ್ತೆ."

ಆದರೂ ಮುಂದಿನ ತಿಂಗಳು ಗೋಥೆನ್‌ಬರ್ಗಿನ ಪತ್ರಿಕೆಯೊಂದಕ್ಕೆ ಎಲ್ಲವನ್ನೂ ಹೇಳಿದೆ. ಅಪ್ಪನ ಹೆಸರು ಹಾಕಿ ಚೆನ್ನಾಗಿಯೇ ಬರೆದರು. ಜನ ಮೆಚ್ಚಿದರು, ಆಲ್ಬಮ್ಮೂ ಇನ್ನಷ್ಟು ಖರ್ಚಾಯಿತು. ಅದರಿಂದಲೂ ಲಾಭ ನನಗೇ ಆಯಿತಲ್ಲ ಅಂತ ಅನ್ನಿಸಿದ್ದು ಆಮೇಲೆ.

ಅಪ್ಪ ಆ ಪತ್ರಿಕೆಯ ಸುದ್ದಿ ಎತ್ತಲೇ ಇಲ್ಲ. ಭಾನುವಾರ ಭಾನುವಾರ ಫೋನ್ ಮಾಡುತ್ತಾನೆ. ಹಿಮ ಎಷ್ಟು ಬಿತ್ತು, ಕಾರಿಗೆ ಚಳಿಗಾಲದ ಟಯರ್ ಹಾಕಿಸಿದೆಯಾ ಅಂತ ವಿಚಾರಿಸುತ್ತಾನೆ. ಹೊಸ ಹಾಡು ಮಾಡಿ ಕಳಿಸಿದರೆ "ಬಂತು" ಅನ್ನುತ್ತಾನೆ. ಹೇಗಿದೆ ಅಂತ ಮಾತ್ರ ಹೇಳುವುದಿಲ್ಲ, ಕೇಳಲು ನನಗೂ ಬಾಯಿ ಬರುವುದಿಲ್ಲ.